ಬೆಲ್ಲ ಕಟ್ಟಿ ಬಂದ ಪ್ರಕಟಣೆ

ಇವತ್ತು ಬೈಂದೂರಿನ ಪೇಟೆಯಲ್ಲಿ ಒಣಮೀನನ್ನು ಹಳೆಯ ಪತ್ರಿಕೆಯಲ್ಲಿ ಕಟ್ಟಿಕೊಟ್ಟಾಗ ಅಮ್ಮ ನೆನಪಾದಳು. ಪೊಟ್ಟಣ ಬಿಚ್ಚಿದ ಕಾಗದವನ್ನು ಮೊಣಕಾಲ ಮೇಲಿಟ್ಟು ಸುಕ್ಕು ಬಿಡಿಸಿ, ಪೂರ್ತಿ ಓದದೆ ಅವಳು ಒಲೆಗೆ ಹಾಕುತ್ತಿರಲಿಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಮ್ಮೂರ ಧಣಿಯೊಬ್ಬರು ಗದ್ದೆ ಅಗೆದು ಸೀಗಡಿ ಕೆರೆ ಮಾಡಲು ಹೊರಟಿದ್ದರು. ಅಲ್ಲಿ ಉಪ್ಪುನೀರು ನಿಂತರೆ ಪಕ್ಕದ ನಮ್ಮ ಬಾವಿ ಕೆಡುವುದು ಖಂಡಿತವಿತ್ತು. ಊರವರ ಆಕ್ಷೇಪ ಕೇಳುವ ಪ್ರಕಟಣೆ ಪತ್ರಿಕೆಯಲ್ಲಿ ಬಂದ ದಿನ, ಬೆಳಗಿನ ಬಸ್ಸಿನಲ್ಲಿ ಬಂದ ಅಷ್ಟೂ ಪ್ರತಿಗಳನ್ನು ಅವರೇ ಕೊಂಡುಕೊಂಡರು. ವಾರ ಕಳೆದ ಮೇಲೆ ಅವರ ಮನೆಯವರು ಅವನ್ನೆಲ್ಲ ಊರಿನ ದಿನಸಿ ಅಂಗಡಿಗೆ ರದ್ದಿಗೆ ಹಾಕಿದರು.

ಬೆಲ್ಲದ ಪೊಟ್ಟಣ ಬಿಚ್ಚಿದ ಅಮ್ಮ ಅಪ್ಪನನ್ನು ಕರೆದಳು. “ಹ್ವಾಯ್, ಇಲ್ ಕಾಣಿ. ಆಕ್ಷೇಪ ಕೊಡುಕೆ ನಾಳಿಗೇ ಕಡೀ ದಿನ ಅಂಬ್ರ.”

ಅಪ್ಪ ಓದಿ ನಕ್ಕರು. “ನಮ್ಗ್ ಗೊತ್ತಾಪುಕಾಗ್ದ್ ಅಂದೇಳಿ ಧಣಿಗಳ್ ಪೇಪರೆಲ್ಲ ಕೊಂಡದ್ದ್. ಕಡಿಗ್ ಅವ್ರೇ ಮನಿಮನಿಗೆ ಹಂಚಿದ್ರಲ್ದಾ.”

ಮರುದಿನ ಅರ್ಧ ಊರೇ ಆಕ್ಷೇಪ ಬರೆದುಕೊಂಡು ಕುಂದಾಪುರದ ಕಚೇರಿಗೆ ಬಸ್ಸು ಹತ್ತಿತು. ಕೆರೆ ಆಗಲಿಲ್ಲ.

ಜನರಿಗೆ ತಿಳಿಯದಂತೆ ನೋಡಿಕೊಂಡರೆ ಅವರನ್ನು ಒಪ್ಪಿಸುವ ಕಷ್ಟವೇ ಇಲ್ಲ ಎಂದು ನಂಬಿದವರು ಈಗಲೂ ಇದ್ದಾರೆ. ನನಗೆ ಈಗಲೂ ಸಿಟ್ಟು ಬರುತ್ತದೆ. ಸಿಟ್ಟು ಬಂದಾಗ ಅದೇ ಬಾವಿಯಿಂದ ಒಂದು ಕೊಡಪಾನ ನೀರು ಸೇದಿ ಕುಡಿಯುತ್ತೇನೆ. ಸಿಹಿಯಾಗಿಯೇ ಇದೆ.