ಆರನೇ ಲಿಫ್ಟಿನ ಕಿನುಯೊ

ಕುರೊಹಿರಾ ಬೆಟ್ಟದಲ್ಲಿ ಒಂದು ಚಳಿಗಾಲವಾದರೂ ಸ್ಕೀ ಮಾಡಿದವರಿಗೆ ಕಿನುಯೊಳ ಮುಖ ಗೊತ್ತಿರುತ್ತಿತ್ತು. ಹೆಸರು ಗೊತ್ತಿದ್ದವರು ಕಡಿಮೆ. ಆರನೇ ಲಿಫ್ಟಿನ ಬುಡದಲ್ಲಿ ಕಂಪನಿಯ ಕೆಂಪು ಕೋಟು ತೊಟ್ಟು, ಉಣ್ಣೆಯ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ನಿಂತಿರುತ್ತಿದ್ದ ಗಿಡ್ಡ ಹೆಂಗಸು ಅವಳು. ಉಕ್ಕಿನ ಹಗ್ಗಕ್ಕೆ ಜೋತುಬಿದ್ದು ಬರುವ ಕುರ್ಚಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಪೊರಕೆಯಿಂದ ಅದರ ಮೇಲಿನ ಹಿಮ ಗುಡಿಸಿ, ಜನರ ಮೊಣಕಾಲಿಗೆ ಪೆಟ್ಟಾಗದಂತೆ ಮೆಲ್ಲಗೆ ಕೂರಿಸಿ ಮೇಲಕ್ಕೆ ಕಳಿಸುವುದು ಅವಳ ಕೆಲಸ. "ಹುಷಾರಾಗಿ ಹೋಗಿಬನ್ನಿ" ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದಳು. ಹೆಚ್ಚಿನವರ ಕಿವಿಗೆ ಅದು ಬೀಳುವ ಮೊದಲೇ ಕುರ್ಚಿ ಮೇಲೇರಿಬಿಟ್ಟಿರುತ್ತಿತ್ತು.

ಅವಳು ಬೆಟ್ಟದವಳಲ್ಲ. ಹುಟ್ಟಿದ್ದು ಸಮುದ್ರದ ದಂಡೆಯ ಊರಿನಲ್ಲಿ. ತಾಯಿ ಬೊಂಡಾಸ್ ಮೀನು ಸೀಳಿ, ಒಣಗಿಸಿ ಮಾರುತ್ತಿದ್ದಳು. ಚಳಿಗಾಲದಲ್ಲಿ ದೋಣಿಗಳು ಇಳಿಯುತ್ತಿರಲಿಲ್ಲ. ಆಗ ಊರಿನ ಹುಡುಗಿಯರು ಸ್ಕೀ ಬೆಟ್ಟಗಳ ಕ್ಯಾಂಟೀನುಗಳಿಗೆ ಪಾತ್ರೆ ತೊಳೆಯಲು ಹೋಗುತ್ತಿದ್ದರು. ಹಾಗೆ ಒಂದು ಚಳಿಗಾಲಕ್ಕೆಂದು ಬಂದ ಕಿನುಯೊ ಅಲ್ಲೇ ಉಳಿದಳು. ಕಾರಣ ತೊಕುಜಿ.

ತೊಕುಜಿ ಲಿಫ್ಟು ರಿಪೇರಿಯವನು. ಕಂಬ ಹತ್ತಿ, ಹಗ್ಗ ಓಡುವ ರಾಟೆಗಳಿಗೆ ಕಟ್ಟಿದ ಮಂಜನ್ನು ಸುತ್ತಿಗೆಯಿಂದ ಕುಟ್ಟಿ ಉದುರಿಸುತ್ತಿದ್ದ. ಮಧ್ಯಾಹ್ನ ಕ್ಯಾಂಟೀನಿಗೆ ಬಂದು ಅನ್ನಕ್ಕೆ ಕರಿ ಹಾಕಿಸಿಕೊಂಡು ತಿನ್ನುತ್ತಿದ್ದ.

"ಕೈ ತೊಳ್ಕೊಂಡು ಬನ್ನಿ. ತಟ್ಟೆಗೆಲ್ಲಾ ಗ್ರೀಸ್ ಮೆತ್ತಿದ್ರೆ ಉಜ್ಜೋಳು ನಾನು" ಎಂದು ಕಿನುಯೊ ಒಂದು ದಿನ ಗದರಿದಳು.

"ತೊಳೆದಿದೀನಿ ಕಣಮ್ಮ. ಇದು ನನ್ನ ಕೈಯ ಬಣ್ಣಾನೇ."

"ಹಾಗಿದ್ರೆ ನಾಳೆಯಿಂದ ಬಾಯಿ ಮಾತ್ರ ತನ್ನಿ, ಕೈ ಹೊರಗೇ ಬಿಟ್ಟು."

ಸುತ್ತ ಕೂತಿದ್ದವರು ನಕ್ಕರು. ಮಾರನೆಯ ದಿನ ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಂದು ಅವಳ ಮುಂದೆ ಬಾಯಿ ಕಳೆದು ನಿಂತ. ಮದುವೆ ನಿಶ್ಚಯವಾದದ್ದೇ ಅವತ್ತು ಎಂದು ಕ್ಯಾಂಟೀನಿನವರು ಕೊನೆಯವರೆಗೂ ಹೇಳುತ್ತಿದ್ದರು.

ಅತ್ತೆ ಇಸೊ ಬಾಯಿ ಜೋರಿನ ಹೆಂಗಸು. ಸೊಸೆಯನ್ನು ನೋಡಲು ಬಂದವರಿಗೆಲ್ಲ, "ಮಗ ಸಮುದ್ರದಿಂದ ಹಿಡ್ಕೊಂಡು ಬಂದಿದಾನೆ. ಇಲ್ಲಿ ಹಿಮ ಇದೆಯಲ್ಲ, ಕೆಡೋದಿಲ್ಲ ಬಿಡಿ" ಎನ್ನುತ್ತಿದ್ದಳು. ಮಕ್ಕಳಾಗಲಿಲ್ಲ. ಅದಕ್ಕೆ ಮಾತ್ರ ಇಸೊ ಎಂದೂ ಸೊಸೆಯನ್ನು ಚುಚ್ಚಲಿಲ್ಲ.

ಕುರೊಹಿರಾಕ್ಕೆ ಜನ ಮುಗಿಬೀಳುತ್ತಿದ್ದ ಕಾಲ ಅದು. ಬೆಟ್ಟದ ಏಳೆಂಟು ಏಣುಗಳ ಮೇಲೆಲ್ಲ ಲಿಫ್ಟುಗಳು, ಬುಡದಿಂದ ಶಿಖರಕ್ಕೆ ಗಾಜಿನ ಪೆಟ್ಟಿಗೆಗಳ ಗೊಂಡೊಲ, ಟೋಕಿಯೊದಿಂದ ಬೆಳಗಾಗುವುದರೊಳಗೆ ಬಂದಿಳಿಯುವ ಬಸ್ಸುಗಳು. ಆರನೇ ಲಿಫ್ಟಿಗೆ ಮಾತ್ರ ಸ್ವಲ್ಪ ಕೆಟ್ಟ ಹೆಸರಿತ್ತು. ಅದು ಒಂದು ಕಮರಿಯನ್ನು ದಾಟಿ, ಗಾಳಿಗೆ ಮೈಯೊಡ್ಡಿ ನಿಂತ ಕಡಿದಾದ ಇಳಿಜಾರಿನ ತಲೆಗೆ ಹೋಗುತ್ತಿತ್ತು. ಚೆನ್ನಾಗಿ ಸ್ಕೀ ಬಲ್ಲವರು ಅದನ್ನೇ ಹುಡುಕಿಕೊಂಡು ಹೋಗುತ್ತಿದ್ದರು.

ಒಂದು ಫೆಬ್ರವರಿಯ ದಿನ ಮಧ್ಯಾಹ್ನದವರೆಗೆ ಬಿಸಿಲಿತ್ತು. ಆಮೇಲೆ ಗಾಳಿ ಎದ್ದಿತು. ಲಿಫ್ಟು ನಿಲ್ಲಿಸುವ ಮಾತು ನಡೆಯುತ್ತಿರುವಾಗಲೇ ಕಮರಿಯ ಪಕ್ಕದ ಕಂಬದಲ್ಲಿ ಹಗ್ಗ ರಾಟೆಯಿಂದ ಜಾರಿತು. ಕುರ್ಚಿಗಳು ಇದ್ದಲ್ಲೇ ನಿಂತವು. ಜನ ಗಾಳಿಯಲ್ಲಿ ನೇತಾಡುತ್ತ ಕೂಗಿಕೊಂಡರು. ತೊಕುಜಿ ಮತ್ತು ಇಬ್ಬರು ಕಂಬ ಹತ್ತಿದರು. ಹಗ್ಗದ ಮೇಲೆ ಜಾರಿಕೊಂಡು ಒಂದೊಂದು ಕುರ್ಚಿಗೂ ಹೋಗಿ, ಕೂತವರನ್ನು ಸೊಂಟಕ್ಕೆ ಪಟ್ಟಿ ಕಟ್ಟಿ ಕೆಳಗಿಳಿಸಿದರು. ಕಮರಿಯ ಮೇಲಿದ್ದ ಕೊನೆಯ ಕುರ್ಚಿಗೆ ತೊಕುಜಿ ತಾನೇ ಹೋದ.

ಅದರಲ್ಲಿದ್ದವಳು ಕಾಲೇಜು ಹುಡುಗಿ, ಅಕೆಮಿ. ಲಿಫ್ಟು ನಿಲ್ಲುವ ಮುಂಚೆ ಕಿತ್ತಳೆ ಸುಲಿಯಲೆಂದು ಕೈಗವಸು ಬಿಚ್ಚಿದ್ದಳು. ಹಗ್ಗ ಜಗ್ಗಿದ ರಭಸಕ್ಕೆ ಗವಸೂ ಹಣ್ಣೂ ಕಮರಿಗೆ ಬಿದ್ದುಹೋಗಿದ್ದವು. ಅವಳ ಬೆರಳು ಬಿಳುಚಿಕೊಂಡಿದ್ದವು. ತೊಕುಜಿ ತನ್ನ ಗವಸು ಬಿಚ್ಚಿ ಅವಳಿಗೆ ತೊಡಿಸಿ, ಪಟ್ಟಿ ಬಿಗಿದು ಇಳಿಸಿದ. ಆಮೇಲೆ ಬರಿಗೈಯಲ್ಲಿ ಕಂಬಕ್ಕೆ ಮರಳಿದ. ಏಣಿಯ ಮೇಲೆ ಮಂಜು ಕಟ್ಟಿತ್ತು. ಕೈ ಹಿಡಿತಕ್ಕೆ ಬರಲಿಲ್ಲ.

ಕಿನುಯೊ ಆಗ ಕ್ಯಾಂಟೀನಿನಲ್ಲಿ ಇಳಿಸಿ ತಂದವರಿಗೆಲ್ಲ ಬಿಸಿ ಸಾರು ಬಗ್ಗಿಸಿಕೊಡುತ್ತಿದ್ದಳು. ಕೊನೆಗೆ ಬಂದ ಹುಡುಗಿಯ ಮೈಗೆ ಕಂಬಳಿ ಸುತ್ತುವಾಗ ಅವಳ ಕೈಯಲ್ಲಿದ್ದ ಗವಸು ಕಂಡಿತು. ಹೆಬ್ಬೆರಳಿನ ಹರುಕಿಗೆ ಹೊಲಿಗೆ ಹಾಕಿದವಳು ತಾನೇ. ಸದ್ಯ, ಇವರೂ ಇಳಿದು ಬಂದರು ಎಂದುಕೊಂಡು ಅವಳು ಇನ್ನೊಂದು ಬಟ್ಟಲಿಗೆ ಸಾರು ಬಗ್ಗಿಸಿ ಪಕ್ಕಕ್ಕಿಟ್ಟಳು. ಅಷ್ಟರಲ್ಲಿ ರಕ್ಷಣಾ ತಂಡದ ಮುಖ್ಯಸ್ಥ ಒಳಗೆ ಬಂದು, ಟೋಪಿ ತೆಗೆದು ಅವಳ ಮುಂದೆ ನಿಂತ.

ಕಂಪನಿಯವರು ಅವಳಿಗೆ ಟಿಕೆಟ್ ಕೊಡುವ ಕೋಣೆಯಲ್ಲಿ, ಬೆಚ್ಚಗೆ ಒಲೆಯ ಪಕ್ಕ ಕೂರುವ ಕೆಲಸ ಕೊಟ್ಟರು. ಅವಳು ಆರನೇ ಲಿಫ್ಟಿನ ಬುಡವನ್ನೇ ಕೇಳಿದಳು.

"ಹುಚ್ಚೇನೇ ನಿನಗೆ? ಆ ಕಂಬಾನ ದಿನಾ ನೋಡ್ತಾ ನಿಲ್ತೀಯಾ?" ಇಸೊ ಕೂಗಾಡಿದಳು.

"ನೋಡದೇ ಇದ್ರೂ ಕಾಣುತ್ತೆ ಅತ್ತೆ. ಅಲ್ಲೇ ಇದ್ರೆ ಕೈಗೆ ಕೆಲಸವಾದ್ರೂ ಇರುತ್ತೆ."

ಮುಂದಿನ ಫೆಬ್ರವರಿ, ಅದೇ ದಿನ, ಅಕೆಮಿ ಮನೆಗೆ ಬಂದಳು. ಕವಾಗೊಯೆ ಊರಿನಲ್ಲಿ ಅವಳ ತಂದೆಯದು ಲಾಂಡ್ರಿ ಅಂಗಡಿ. ಬಾಗಿಲಲ್ಲೇ ಮಂಡಿಯೂರಿ, ಹಣೆ ನೆಲಕ್ಕೆ ತಾಗುವಂತೆ ಬಾಗಿ, ಬಟ್ಟೆಯ ಗಂಟೊಂದನ್ನು ಮುಂದಿಟ್ಟಳು. ಬಿಚ್ಚಿದರೆ ತೊಕುಜಿಯ ಗವಸು. ಹೊಸದರಂತೆ ಶುಭ್ರವಾಗಿ, ಇಸ್ತ್ರಿ ಹೊಡೆದಂತೆ ಮಟ್ಟಸವಾಗಿ ಇದ್ದವು.

ಕಿನುಯೊ ಅವನ್ನು ಮೂಗಿನ ಹತ್ತಿರ ತಂದಳು. ಸೋಪಿನ ವಾಸನೆ ಬಿಟ್ಟರೆ ಬೇರೇನಿಲ್ಲ.

"ಒಗೆದುಬಿಟ್ಯಾ?" ಎಂದಳು.

"ಅಪ್ಪನೇ ಕೈಯಾರೆ ಒಗೆದ್ರು ಅಕ್ಕಾ. ಹೇಗಿತ್ತೋ ಹಾಗೇ ಕೊಡೋದು ಮರ್ಯಾದೆ ಅಲ್ಲ ಅಂತ..."

"ಒಳ್ಳೇದಾಯ್ತು. ತುಂಬಾ ಚೆನ್ನಾಗಿ ಒಗೆದಿದಾರೆ" ಎಂದ ಕಿನುಯೊ ಚಹಾ ತರುವ ನೆಪ ಮಾಡಿ ಅಡಿಗೆಮನೆಗೆ ಹೋದಳು. ಕೆಟಲಿನ ನೀರು ಕುದಿದು ಕುದಿದು ಬತ್ತಿಹೋಗುವವರೆಗೆ ಅಲ್ಲೇ ನಿಂತಿದ್ದಳು. ಅವನದೆಂದು ಉಳಿದಿದ್ದ ಗ್ರೀಸಿನ ವಾಸನೆ ಆ ಗವಸಿನಲ್ಲಿ ಮಾತ್ರ ಇತ್ತು.

ಅಲ್ಲಿಂದ ಮುಂದೆ ಅಕೆಮಿ ವರ್ಷ ತಪ್ಪಿಸಲಿಲ್ಲ. ಸಿಹಿಯ ಡಬ್ಬಿ ಹಿಡಿದು ಬೆಳಗಿನ ಬಸ್ಸಿಗೆ ಬಂದು, ತೊಕುಜಿಯ ಪಟದ ಮುಂದೆ ಊದುಬತ್ತಿ ಹಚ್ಚಿ, ಮಧ್ಯಾಹ್ನದ ಬಸ್ಸಿಗೆ ಹೋಗುತ್ತಿದ್ದಳು. "ಬಂದ್ಲು ನೋಡು ಕಿತ್ತಳೆ ಹುಡುಗಿ" ಎಂದು ಇಸೊ ಅವಳಿಗೆ ಕೇಳಿಸುವಂತೆಯೇ ಹೇಳಿ, ದಡಕ್ಕನೆ ಬಾಗಿಲು ಸರಿಸಿ ಒಳಗೆ ಹೋಗಿಬಿಡುತ್ತಿದ್ದಳು. ಕಿನುಯೊ ಮಾತ್ರ ಎದುರು ಕೂತು ಚಹಾ ಬಗ್ಗಿಸುತ್ತಿದ್ದಳು. ಆ ಹುಡುಗಿ ಬರುವ ವಾರವೆಲ್ಲ ಅವಳಿಗೆ ಊಟ ಬೇಡವಾಗುತ್ತಿತ್ತು. ಹೋದ ಮೇಲೆ, ತಾನು ಏನಾದರೂ ಒಳ್ಳೆಯ ಮಾತು ಆಡಬೇಕಿತ್ತೇನೋ ಎಂದು ಕಸಿವಿಸಿಯಾಗುತ್ತಿತ್ತು.

ಅಕೆಮಿ ತನ್ನ ಬದುಕಿನ ಸುದ್ದಿ ಎಂದೂ ಎತ್ತುತ್ತಿರಲಿಲ್ಲ. ಒಂದು ವರ್ಷ ಅವಳ ಬೆರಳಿನಲ್ಲಿ ಉಂಗುರ ಕಳಚಿದ ಗುರುತು ಕಂಡಿತು. ಮದುವೆಯಾಗಿದ್ದಾಳೆ, ಇಲ್ಲಿಗೆ ಬರುವಾಗ ತೆಗೆದು ಜೇಬಿಗೆ ಹಾಕಿಕೊಂಡಿದ್ದಾಳೆ ಎಂದು ಕಿನುಯೊಗೆ ಅರ್ಥವಾಯಿತು. ಅದಾದ ಮೇಲಿನ ಇನ್ನೊಂದು ವರ್ಷ ಅಕೆಮಿ ಬಂದಾಗ ಒಲೆ ಧಗಧಗಿಸುತ್ತಿದ್ದರೂ ಕೋಟು ಬಿಚ್ಚಲಿಲ್ಲ. ಹಣೆಯ ಮೇಲೆ ಬೆವರಿತ್ತು. ನಮಸ್ಕಾರಕ್ಕೆ ಬಾಗುವಾಗ ಒಂದು ಕೈ ಹೊಟ್ಟೆಯ ಮೇಲಿತ್ತು.

ಕಿನುಯೊ ಆ ಕೈಯನ್ನೇ ನೋಡಿದಳು. ತನ್ನ ಸುಖವನ್ನು ಕದ್ದ ಮಾಲಿನಂತೆ ಮುಚ್ಚಿಟ್ಟುಕೊಂಡು ಈ ಹುಡುಗಿ ಇನ್ನೆಷ್ಟು ವರ್ಷ ಬರುತ್ತಾಳೆ? ಹೊಟ್ಟೆಯಲ್ಲಿರುವ ಕೂಸನ್ನೂ ಇಲ್ಲಿ ತಂದು ತಲೆಬಾಗಿಸುತ್ತಾಳೆಯೇ? ಇದು ಸಾಕು ಎಂದು ಹೇಳಬೇಕೆನಿಸಿತು. ಹೇಳಬೇಕೆಂದುಕೊಂಡದ್ದು ಒಂದು, ಬಾಯಿಂದ ಬಂದದ್ದು ಇನ್ನೊಂದು.

"ಇನ್ಮೇಲೆ ಬರಬೇಡ."

ಅಕೆಮಿ ತಲೆಯೆತ್ತಿದಳು.

"ನೀನು ಬಂದಾಗೆಲ್ಲಾ ಅವರು ಮತ್ತೊಂದ್ಸಲ ಬೀಳ್ತಾರೆ. ನನ್ನ ಕೈಲಿ ಆಗೋದಿಲ್ಲ. ಹೋಗಿ ನಿನ್ನ ಸಂಸಾರ ನೋಡ್ಕೋ."

"ಸರಿ ಅಕ್ಕಾ" ಎಂದ ಅಕೆಮಿ ನೆಲಕ್ಕೆ ಹಣೆ ಹಚ್ಚಿ ಬಹಳ ಹೊತ್ತು ಹಾಗೇ ಇದ್ದಳು. ಬಸ್ಸಿಗೆ ಇನ್ನೂ ಸಮಯವಿತ್ತು. ಆದರೂ ಎದ್ದು ಹೋದಳು. ಕಿನುಯೊ ಬಾಗಿಲವರೆಗೆ ಬಂದವಳು, ಹಿಮದಲ್ಲಿ ಹುಷಾರಾಗಿ ಹೆಜ್ಜೆಯಿಟ್ಟು ಇಳಿಯುತ್ತಿದ್ದ ಆ ಬೆನ್ನನ್ನು ಕೂಗಿ ಕರೆಯಲಿಲ್ಲ.

ಅದು ಒಳ್ಳೆಯದಕ್ಕೇ ಆಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಮಗು ಬೆಳೆಯುತ್ತಿರಬಹುದು, ಮರೆತಿರಬಹುದು. ಫೋನು ಮಾಡೋಣ ಎಂದು ಪ್ರತಿ ಚಳಿಗಾಲವೂ ಅನಿಸುತ್ತಿತ್ತು. ಮರೆತವಳಿಗೆ ಯಾಕೆ ನೆನಪಿಸುವುದು ಎಂದು ಬಿಡುತ್ತಿದ್ದಳು.

ವರ್ಷಗಳು ಸರಿದವು. ಟೋಕಿಯೊದ ಬಸ್ಸುಗಳು ಒಂದೊಂದಾಗಿ ನಿಂತವು. ಕಂಪನಿ ಕೈ ಬದಲಾಯಿತು. ತುತ್ತತುದಿಯ ಲಿಫ್ಟುಗಳು ಮೊದಲು ನಿಂತು, ಅವುಗಳ ಇಳಿಜಾರುಗಳಲ್ಲಿ ಬಿದಿರುಹುಲ್ಲು ಎದ್ದಿತು. ಇಸೊಗೆ ವಯಸ್ಸಾಗಿ ನೆನಪು ಕಲಸಿಹೋಯಿತು. ಮಗ ಕಂಬ ಹತ್ತಲು ಹೋಗಿದ್ದಾನೆ, ಸಂಜೆಗೆ ಬರುತ್ತಾನೆ ಎನ್ನುತ್ತಿದ್ದಳು. ಫೆಬ್ರವರಿ ಬಂತೆಂದರೆ ಮಾತ್ರ ಕಿಟಕಿಯ ಬಳಿ ಕೂತು ಬಸ್ಸಿನ ದಾರಿ ನೋಡುತ್ತಿದ್ದಳು.

"ಲಾಂಡ್ರಿ ಹುಡುಗಿ ಈ ವರ್ಷ ಬರ್ಲಿಲ್ವೇನೇ?"

"ಇಲ್ಲ ಅತ್ತೆ."

"ಯಾಕೆ ಬರ್ಲಿಲ್ಲ? ನಾನೇನಾದ್ರೂ ಅಂದೆನಾ? ನನ್ನ ಬಾಯೇ ಸರಿ ಇಲ್ಲ. ಬಂದ್ರೆ ಒಳಗೆ ಕರಿ, ಹೊರಗೆ ಚಳಿ ಇದೆ."

ಬಾಗಿಲು ದಡಕ್ಕನೆ ಎಳೆದುಕೊಳ್ಳುತ್ತಿದ್ದ ಮುದುಕಿ ಸಾಯುವವರೆಗೂ ಅದನ್ನೇ ಕೇಳುತ್ತಿದ್ದಳು.

ಕಿನುಯೊಗೆ ಅರವತ್ತು ದಾಟಿದ ಮೇಲೆ, ಆರನೇ ಲಿಫ್ಟನ್ನು ಕಳಚಿ ತೆಗೆಯುತ್ತಾರೆಂದು ನಿರ್ಧಾರವಾಯಿತು. ಅವಳಿಗೆ ಮೊದಲು ಹೊಳೆದದ್ದು ಅಕೆಮಿ. ಈ ಸುದ್ದಿಯನ್ನು ಅವಳು ಬೇರೆ ಯಾರ ಬಾಯಿಂದಲೋ ಕೇಳಬಾರದು, ತಾನೇ ಹೇಳಬೇಕು. ಅದರ ಜೊತೆಗೆ ಅವತ್ತು ಹೇಳಲಾಗದೆ ಉಳಿದದ್ದನ್ನೂ ಹೇಳಬೇಕು ಎನಿಸಿತು. ಹಿಮ ಕರಗಿ ಲಿಫ್ಟುಗಳೆಲ್ಲ ನಿಂತ ಮೇಲೆ ರೈಲು ಹತ್ತಿ ಕವಾಗೊಯೆಗೆ ಹೋದಳು. ಸ್ಟೇಷನ್ನಿನ ಬಳಿ ಕೇಳುತ್ತ ಹೋದರೆ ಲಾಂಡ್ರಿ ಅಂಗಡಿ ಸಿಕ್ಕಿತು.

ಕೌಂಟರಿನಲ್ಲಿ ಇಪ್ಪತ್ತರ ಆಸುಪಾಸಿನ ಹೆಣ್ಣೊಬ್ಬಳಿದ್ದಳು. ಅಕೆಮಿಯದೇ ಹಣೆ, ಅದೇ ಗಲ್ಲ.

"ಅಕೆಮಿ ಅವರನ್ನ ನೋಡಬೇಕಿತ್ತು."

ಆ ಹೆಣ್ಣು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, "ಅಮ್ಮ ಹೋದ ವರ್ಷ ತೀರ್ಕೊಂಡ್ರು. ಕ್ಯಾನ್ಸರ್ ಆಗಿತ್ತು. ನಾನು ಅವರ ಮಗಳು, ಮಿಫುಯು. ನೀವು ಯಾರು ಅಂತ ಗೊತ್ತಾಗ್ಲಿಲ್ಲ" ಎಂದಳು.

ಕಿನುಯೊ ಹೆಗಲ ಚೀಲವನ್ನು ಕೌಂಟರಿನ ಮೇಲಿಟ್ಟಳು. "ನೀನು ಬೇಸಿಗೆ ಮಗು ಅಲ್ವಾ? ಜೂನೋ ಜುಲೈಯೋ..."

"ಜೂನ್. ನಿಮಗೆ ಹೇಗೆ ಗೊತ್ತು? ಬೇಸಿಗೇಲಿ ಹುಟ್ಟಿದೋಳಿಗೆ ಚಳಿಗಾಲದ ಹೆಸರು ಯಾಕಿಟ್ರು ಅಂತ ಎಲ್ರೂ ಕೇಳ್ತಾರೆ."

"ನೀನು ಹೊಟ್ಟೇಲಿದ್ದಾಗ ನೋಡಿದ್ದೆ. ನಾನು ಕುರೊಹಿರಾದಿಂದ ಬಂದಿದೀನಿ."

ಮಿಫುಯು ಅವಳನ್ನು ಒಳಗೆ ಕರೆದು ಕೂರಿಸಿದಳು. ಪಟದಲ್ಲಿದ್ದ ಅಕೆಮಿ ನಡುವಯಸ್ಸಿನವಳು. ಕಿನುಯೊ ಎಂದೂ ಕಾಣದ ಮುಖ. ಮಿಫುಯು ಊದುಬತ್ತಿ ಹಚ್ಚಿಕೊಟ್ಟಳು.

"ಫೆಬ್ರವರೀಲಿ ಒಂದು ದಿನ ಅಮ್ಮ ಅಂಗಡಿ ಮುಚ್ತಿದ್ರು" ಎಂದಳು ಮಿಫುಯು. "ಎಲ್ಲೂ ಹೋಗ್ತಿರ್ಲಿಲ್ಲ, ಸುಮ್ನೆ ಕೂತಿರ್ತಿದ್ರು. ಒಂದ್ಸಲ ಕೇಳ್ದೆ. ನನ್ನನ್ನ ಕ್ಷಮಿಸೋಕಾಗದೇ ಇರೋರು ಒಬ್ರಿದಾರೆ, ಅವರದ್ದೇನೂ ತಪ್ಪಿಲ್ಲ ಅಂದ್ರು. ಆಸ್ಪತ್ರೇಲೂ ಅದೇ ಮಾತು. ಅದು ನೀವೇನಾ?"

ಕಿನುಯೊ ಎಲ್ಲವನ್ನೂ ಹೇಳಿದಳು. ಗಾಳಿ, ಕಂಬ, ಗವಸು, ಕೋಟಿನೊಳಗೆ ಮುಚ್ಚಿಟ್ಟ ಹೊಟ್ಟೆ. "ನಾನು ಸಿಟ್ಟಿಂದ ಅಂದಿದ್ದಲ್ಲಮ್ಮ. ಸಿಟ್ಟೂ ಇತ್ತೇನೋ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅವಳು ಆರಾಮಾಗಿ ಇರ್ಲಿ ಅಂತಾನೇ ಕಳಿಸಿದ್ದು. ನೀನು ಹುಟ್ಟಬೇಕಿತ್ತಲ್ಲ."

ಮಿಫುಯು ಕೇಳುತ್ತ ಕೇಳುತ್ತ ಅಳತೊಡಗಿದಳು. ಆಮೇಲೆ ಕಣ್ಣೊರೆಸಿಕೊಂಡು ನೆಟ್ಟಗೆ ನೋಡಿದಳು.

"ಒಂದು ಫೋನ್ ಮಾಡಬಹುದಿತ್ತಲ್ವಾ ನೀವು? ಇಷ್ಟು ವರ್ಷದಲ್ಲಿ ಒಂದೇ ಒಂದು?"

"ಮಾಡಬಹುದಿತ್ತು" ಎಂದಳು ಕಿನುಯೊ.

ಸ್ಟೇಷನ್ನಿನವರೆಗೆ ಮಿಫುಯು ಜೊತೆಗೆ ಬಂದಳು. ರೈಲು ಬರುವ ಹೊತ್ತಿಗೆ, "ಚಳಿಗಾಲದಲ್ಲಿ ಅಮ್ಮನ ವರ್ಷದ ಕಾರ್ಯ ಇದೆ. ಬರೋ ಹಾಗಿದ್ರೆ ಬನ್ನಿ" ಎಂದಳು. ಕರೆದದ್ದು ಮನಸ್ಸಿನಿಂದಲೋ ಮರ್ಯಾದೆಗೋ ಕಿನುಯೊಗೆ ತಿಳಿಯಲಿಲ್ಲ.

ಬೇಸಿಗೆಯಲ್ಲಿ ಕಂಬಗಳನ್ನು ಕತ್ತರಿಸಿ ಲಾರಿಗೆ ತುಂಬಿದರು. ಕಿನುಯೊ ನೋಡಲು ಹೋಗಲಿಲ್ಲ. ಚಳಿಗಾಲ ಬಂದಾಗ ಕಪ್ಪು ಬಟ್ಟೆ ಇಸ್ತ್ರಿ ಮಾಡಿಟ್ಟು, ಹೊರಡುವ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಸೂರಿನ ಮಟ್ಟಕ್ಕೆ ಹಿಮ. ರಸ್ತೆಯಿಲ್ಲ, ರೈಲಿಲ್ಲ. ಅವಳು ಫೋನಿನ ಮುಂದೆ ಕೂತಳು. ಎರಡು ಸಲ ತೆಗೆದು ಇಟ್ಟು, ಮೂರನೆಯ ಸಲ ನಂಬರು ಒತ್ತಿದಳು.

"ಕಿನುಯೊ ಮಾತಾಡ್ತಿರೋದು. ಕುರೊಹಿರಾದಿಂದ. ಬರೋಕಾಗ್ತಿಲ್ಲ ಕಣಮ್ಮ, ಎಲ್ಲಾ ಮುಚ್ಚಿಹೋಗಿದೆ."

ಆ ಕಡೆ ಜನರ ಸದ್ದು, ಮಂತ್ರದ ಗುನುಗು ಕೇಳುತ್ತಿತ್ತು. "ಒಂದ್ನಿಮಿಷ ಇರಿ" ಎಂದ ಮಿಫುಯು ಫೋನನ್ನು ಅಮ್ಮನ ಪಟದ ಹತ್ತಿರಕ್ಕೆ ಒಯ್ದಳು. "ಇಲ್ಲಿಟ್ಟಿದೀನಿ. ಏನು ಹೇಳಬೇಕೋ ಹೇಳಿ."

ಕಿನುಯೊ ಮೊದಲು ಫೋನಿಗೇ ತಲೆಬಾಗಿಸಿದಳು. ಆಮೇಲೆ, "ಅಕೆಮಿ, ನಿನ್ನ ಮಗಳು ಚೆನ್ನಾಗಿದಾಳೆ ಕಣೇ" ಎಂದಳು. ಉಳಿದದ್ದನ್ನು ಹೇಳದೆಯೇ ಫೋನು ಇಟ್ಟಳು.