ಕುಂಡೆಕುಸ್ಕ ಹೋದ ವಾರ

ಮೂವತ್ತರ ದಶಕದಲ್ಲಿ ನಾನು ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯಲ್ಲಿ ಹಂಗಾಮಿ ಮೇಷ್ಟ್ರು. ಕೆಲಸ ಖಾಯಂ ಆಗುವುದು ಇನ್‌ಸ್ಪೆಕ್ಟರ್ ಸಾಹೇಬರ ಒಂದು ರುಜುವಿನಲ್ಲಿತ್ತು. ಅವರಿಗೋ ಪ್ರಕೃತಿ ಪಾಠದ ಹುಚ್ಚು. ಬೇಸಿಗೆ ಮುಗಿದು ಶರತ್ಕಾಲ ಬರುವವರೆಗೆ ಊರಿನ ಚಿಟ್ಟೆ, ಹಕ್ಕಿಗಳನ್ನು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಬೇಕೆಂದು ಹುಕುಂ ಮಾಡಿದ್ದರು.

ನಾನೂ ಶ್ರದ್ಧೆಯಿಂದ ನೋಡಿದೆ. ನಾನಿದ್ದದ್ದು ರೇಷ್ಮೆ ಹುಳ ಸಾಕುವ ಒಬ್ಬ ಅಜ್ಜಿಯ ಮನೆಯಲ್ಲಿ. ಬಿತ್ತನೆಗೆ ಇಟ್ಟ ಗೂಡು ಒಡೆದು ಚಿಟ್ಟೆಗಳು ಬಂದವು, ಮೊಟ್ಟೆ ಇಟ್ಟವು ಎಂದು ಬರೆದೆ. ಮಳೆ ಕಡಿಮೆಯಾದಾಗ ಕೆರೆಯಂಚಿಗೆ ಕುಂಡೆಕುಸ್ಕ ಬಂತು ಎಂದೂ ಬರೆದೆ. ಹಳದಿ ಹೊಟ್ಟೆಯ, ನಿಂತಲ್ಲಿ ನಿಲ್ಲದೆ ಬಾಲ ಆಡಿಸುವ ಹಕ್ಕಿ ಅದು. ಅದು ಬಂದ ಮೇಲೇ ನಮ್ಮ ಅಜ್ಜಿ ಹೊಲಕ್ಕೆ ಹುರುಳಿ ಚೆಲ್ಲುವುದು.

ನೋಟ್‌ಬುಕ್ಕು ಕೆಂಪು ಶಾಯಿ ಬಳಿದುಕೊಂಡು ವಾಪಸ್ಸು ಬಂತು. ಶರತ್ಕಾಲದಲ್ಲಿ ಹಕ್ಕಿಗಳು ಬರುವುದಿಲ್ಲ, ಹೋಗುತ್ತವೆ, ಚಿಟ್ಟೆಗಳು ಹೊರಬರುವುದಿಲ್ಲ, ಅಡಗುತ್ತವೆ, ತಿದ್ದಿ ಬರೆಯತಕ್ಕದ್ದು ಎಂದು ಷರಾ. ಸಾಹೇಬರ ಇಂಗ್ಲಿಷ್ ಪುಸ್ತಕದಲ್ಲಿ ಹಾಗಿತ್ತಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

"ನಾನು ಕಣ್ಣಾರೆ ನೋಡಿದೀನಿ ಸ್ವಾಮಿ," ಎಂದು ಹೆಡ್ ಮೇಷ್ಟ್ರ ಮುಂದೆ ಕೂಗಾಡಿದೆ.

"ನೋಡಪ್ಪಾ, ಖಾಯಂ ಆಗಬೇಕಾಗಿರೋದು ಹಕ್ಕಿಗಲ್ಲ, ನಿಂಗೆ," ಎಂದರು ಅವರು ನಶ್ಯ ಏರಿಸುತ್ತ.

ಸರಿ, ಕೂತು ತಿದ್ದಿದೆ. ಕುಂಡೆಕುಸ್ಕಗಳನ್ನೆಲ್ಲ ಒಂದೇ ಸಾಲಿನಲ್ಲಿ ಊರು ಬಿಡಿಸಿದೆ. ಚಿಟ್ಟೆಗಳನ್ನು ಚಳಿಗೆ ಹೆದರಿಸಿ ಮಣ್ಣೊಳಗೆ ಕಳಿಸಿದೆ. ಆ ಹೊತ್ತಿನಲ್ಲಿ ಅಜ್ಜಿಯ ರೇಷ್ಮೆಗೂಡಿನ ತಟ್ಟೆಯಿಂದ ತಪ್ಪಿಸಿಕೊಂಡ ಚಿಟ್ಟೆಯೊಂದು ನನ್ನ ಹಾಳೆಯ ಮೇಲೇ ರೆಕ್ಕೆ ಬಡಿಯುತ್ತಿತ್ತು. ಅದನ್ನು ಊದಿ ಆಚೆ ತಳ್ಳಿ ಬರೆದೆ.

ತನಿಖೆಯ ದಿನ ಸಾಹೇಬರು ನೋಟ್‌ಬುಕ್ಕು ಓದಿ ತಲೆದೂಗಿದರು. ಅಷ್ಟರಲ್ಲಿ ಆ ಹಾಳು ಹಕ್ಕಿ ಸ್ಕೂಲಿನ ಬಾಗಿಲಿಗೇ ಬಂದು ಬಾಲ ಕುಣಿಸಬೇಕೆ!

"ಅದ್ಯಾವ ಹಕ್ಕಿ?" ಎಂದರು ಸಾಹೇಬರು.

"ಕುಂಡೆಕುಸ್ಕ, ಸಾರ್. ಹೋದ ವಾರವೇ ಹೊರಟುಹೋಯ್ತು," ಎಂದೆ.

ಸಾಹೇಬರು ಹಕ್ಕಿಯನ್ನು ನೋಡಿದರು, ನೋಟ್‌ಬುಕ್ಕನ್ನು ನೋಡಿದರು. "ಭೇಷ್," ಎಂದು ರುಜು ಹಾಕಿದರು.

ಸಂಜೆ ಮನೆಗೆ ಬಂದಾಗ ಅಜ್ಜಿ ಹುರುಳಿ ಕೇರುತ್ತ ಜಗಲಿಯಲ್ಲಿ ಕೂತಿದ್ದಳು. ಆ ವರ್ಷ ಅವಳ ಕಣ್ಣು ಮಂಜಾಗಿತ್ತು.

"ನಾಯ್ನಾ, ಕುಂಡೆಕುಸ್ಕ ಬಂತಾ? ನಂಗೆ ಕಾಣಾಕಿಲ್ಲ. ನೀನು ಹೇಳಿದ್ರೆ ನಾಳೆ ಹುರುಳಿ ಚೆಲ್ತೀನಿ."

"ಬಂದಿದೆ ಅಜ್ಜಿ."

"ಬುಕ್ಕಲ್ಲಿ ಬರ್ಕೊಂಡಿದೀಯಾ?"

"ಬರ್ಕೊಂಡಿದೀನಿ," ಎಂದೆ.

"ಹಂಗಾದ್ರೆ ಸರಿ ಬಿಡು. ಬುಕ್ಕಲ್ಲಿದ್ದ ಮೇಲೆ ಸುಳ್ಳಾಗಕ್ಕಿಲ್ಲ," ಎಂದು ಅಜ್ಜಿ ಎದ್ದು ಹೋಗಿ ನನಗೊಂದು ಲೋಟ ಮಜ್ಜಿಗೆ ತಂದುಕೊಟ್ಟಳು. ನಾನು ನೋಟ್‌ಬುಕ್ಕನ್ನು ಬೆನ್ನ ಹಿಂದೆ ಸರಿಸಿ ಲೋಟ ತೆಗೆದುಕೊಂಡೆ.