ಗಾರೆ ಒಣಗುವ ಮೊದಲು

ಅದು ಆಗುವ ಹಿಂದಿನ ದಿನ ನನ್ನ ಗಂಡ ಮೆಹು ಬೇಗ ಮನೆಗೆ ಬಂದ. ಗಡ್ಡ, ಹುಬ್ಬು, ಕಿವಿಯ ಮಡಿಕೆ, ಎಲ್ಲ ಬಿಳಿ. ಓಣಿಯ ಮಕ್ಕಳು ಅವನನ್ನು ಬಿಳಿ ಮುದುಕ ಎಂದು ಕರೆಯುತ್ತಿದ್ದರು. ಅವನಿಗಿನ್ನೂ ಮುದುಕನಾಗುವ ವಯಸ್ಸಾಗಿರಲಿಲ್ಲ. ಗಾರೆಯ ಪುಡಿ ಹಾಗೆ ಕಾಣಿಸುತ್ತಿತ್ತು.

ನಾನು ಹೊಸಿಲ ಮೇಲೆ ಕೂತು ಈರುಳ್ಳಿ ಬಿಡಿಸುತ್ತಿದ್ದೆ.

"ಮೈ ಕೊಡವ್ಕೊಂಡು ಒಳಗೆ ಬಾ. ನಿನ್ನೆ ಹೆಂಡದಲ್ಲೂ ಗಾರೆ ಇತ್ತು," ಎಂದೆ.

"ಖೆನುತ್, ನಿನ್ನ ಹೆಂಡ ಗಟ್ಟಿ ಅಂತ ಊರೆಲ್ಲಾ ಹೊಗಳುತ್ತೆ. ಅದು ನನ್ನಿಂದ ಅಂತ ಯಾರಿಗೂ ಹೇಳ್ಬೇಡ," ಎಂದ.

ಗಾರೆ ಅವನ ಕೈಯನ್ನು ತಿಂದುಹಾಕಿತ್ತು. ಬೆರಳ ಸಂದಿಯಲ್ಲಿ ಬಿರುಕು, ಬಿರುಕಿನಲ್ಲಿ ರಕ್ತ. ಉಂಡ ಮೇಲೆ ಅದಕ್ಕೆ ಬಾತುಕೋಳಿಯ ಕೊಬ್ಬು ಹಚ್ಚಿದೆ. ರೊಟ್ಟಿ ಬೇಯಿಸುವ ಮಣ್ಣಿನ ಕುಂಡವೊಂದು ಒಡೆದದ್ದಕ್ಕೆ ಸ್ವಲ್ಪ ಜಗಳವಾಡಿದೆವು. ಅವನು ಒಣಮೀನಿನ ತಲೆಯನ್ನು ನನ್ನ ತಟ್ಟೆಗೆ ಹಾಕಿದ. ಅದು ನನಗಿಷ್ಟ. ಜಗಳ ಮುಗಿಯಿತು.

ಮೆಹು ಈ ಊರಿನವನಲ್ಲ. ಹೊಳೆ ಉಕ್ಕಿ ಹೊಲವೆಲ್ಲ ಮುಳುಗುವ ಕಾಲದಲ್ಲಿ, ತೆಂಕಲ ಕಡೆಯಿಂದ ದೋಣಿ ತುಂಬ ಬಂದ ಜನರಲ್ಲಿ ಒಬ್ಬ. ರಾಜ ತನಗಾಗಿ ಕಟ್ಟಿಸುತ್ತಿದ್ದ ಬೆಟ್ಟದಂಥ ಗೋರಿಗೆ ಕಲ್ಲಿನ ಹಗ್ಗ ಎಳೆಯಲು ಬಂದವನು. ಕಲ್ಲು ಹೇರಿ ಎಳೆಯುವ, ಗಾಲಿಯಿಲ್ಲದ ಜಾರುಬಂಡಿ ಅವನ ಕಾಲ ಬೆರಳ ಮೇಲೆ ಹೋಯಿತು. ಎಳೆಯುವವರ ಸಾಲಿನಿಂದ ಅವನನ್ನು ತೆಗೆದು ಗಾರೆ ಸುಡುವ ಒಲೆಯ ಹತ್ತಿರ ಕೂರಿಸಿದರು. ನೀರಿಳಿದ ಮೇಲೆ ಅವನ ಊರಿನವರು ಬಿತ್ತಲು ವಾಪಸ್ಸು ಹೋದರು. ಅವನು ಉಳಿದ. ಕೆಲಸದವರ ರೊಟ್ಟಿಮನೆಯಲ್ಲಿ ನಾನಿದ್ದೆ, ಅದಕ್ಕೇ ಉಳಿದನಂತೆ, ಆಮೇಲೆ ಹೇಳಿದ. ಮಕ್ಕಳು ನಮಗೆ ನಿಲ್ಲಲಿಲ್ಲ. ಇಬ್ಬರೇ ಇದ್ದೆವು.

ಅವನ ಕೆಲಸ ಹೀಗಿತ್ತು. ಗಾರೆಕಲ್ಲನ್ನು ಸುಟ್ಟು, ಕುಟ್ಟಿ, ನೀರಿಗೆ ಕಲಸಿ ಮಜ್ಜಿಗೆಯ ಹದಕ್ಕೆ ತರುವುದು. ದೊಡ್ಡ ಕಲ್ಲು ಕೂರುವ ಜಾಗಕ್ಕೆ ಅದನ್ನು ಸುರಿಯುವುದು. ಹಸಿ ಗಾರೆಯ ಮೇಲೆ ಎಂಥ ಕಲ್ಲೂ ಕೆಸರಲ್ಲಿ ಎತ್ತು ಜಾರಿದ ಹಾಗೆ ಜಾರುತ್ತದೆ. ಸನ್ನೆಗೋಲು ಹಾಕಿ ಹಿಂದೆ ಮುಂದೆ ಮಾಡಬಹುದು. ಒಂದು ಕುಂಡ ರೊಟ್ಟಿ ಬೇಯುವಷ್ಟು ಹೊತ್ತು ಅದು ಹಸಿ. ಆಮೇಲೆ ಅದೂ ಕಲ್ಲೇ.

ಒಂದು ಸಾಲು ಮುಗಿಯುವಾಗ ಕೊನೆಗೆ ಒಂದು ಕಂಡಿ ಉಳಿಯುತ್ತದೆ, ಅದರ ಹಿಂಬದಿಗೆ ಒಳಗಿನ ಕಲ್ಲು ಚಾವಣಿಯ ಹಾಗೆ ಚಾಚಿರುತ್ತದೆ. ಅದರೊಳಕ್ಕೆ ಮೆಹು ಹೊಟ್ಟೆಯ ಮೇಲೆ ತೆವಳಿ ಹೋಗಿ, ಹಿಂದಿನ ಮೂಲೆಗೆ ಕೈಯಿಂದ ಗಾರೆ ಬಳಿದು ಹೊರಗೆ ಬರಬೇಕು. ಬಂದವನು ಮರದ ಕೊಡತಿಯಿಂದ ಕಲ್ಲನ್ನು ಬಡಿಯುತ್ತಾನೆ. ಆ ಸದ್ದು ಕೇಳಿ ಗುಂಪಿನ ಯಜಮಾನ ತಳ್ಳಿ ಎಂದು ಕೂಗುತ್ತಾನೆ. ದೊಡ್ಡ ಕಲ್ಲಿನ ಹಿಂದೆ ನಿಂತವರಿಗೆ ಮುಂದೇನಿದೆ ಕಾಣುವುದಿಲ್ಲ, ಅದಕ್ಕೇ ಕೊಡತಿ. ಎರಡು ಕೊಡತಿಯ ಸದ್ದು ಬೆರೆಯಬಾರದೆಂದು ಒಂದು ಗುಂಪು ಕಂಡಿ ಮುಚ್ಚುವಾಗ ಇನ್ನೊಂದು ಗುಂಪು ಕೆಳಗಿಳಿದು ಕೂರಬೇಕು. ನಮ್ಮಜ್ಜನ ಕಾಲದಿಂದ ಹಾಗೆಯೇ ನಡೆದಿತ್ತು.

ಮರುದಿನ ಹಾಗೆ ನಡೆಯುವುದಿರಲಿಲ್ಲ. ರಾಜ ನೋಡಲು ಬರುತ್ತಾನೆಂದು ಕಟ್ಟೋಣದ ಒಡೆಯ ಕಹೊತೆಪ್ ಅವಸರ ಮಾಡಿದ್ದ. ಮೂಲೆಯ ಈಚೆ ಒಂದು ಕಂಡಿ, ಆಚೆ ಒಂದು ಕಂಡಿ, ಎರಡನ್ನೂ ಒಟ್ಟಿಗೇ ಮುಚ್ಚಬೇಕು. ಈಚೆಯದು ನಮ್ಮ ಗುಂಪಿಗೆ. ಅವರ ಹೆಸರು ದಣಿಯದವರು. ಆಚೆಯದು ರಾಜನ ಗೆಳೆಯರು ಎನ್ನುವ ಗುಂಪಿಗೆ. ಮೊದಲು ಮುಚ್ಚಿದವರಿಗೆ ಒಂದು ಎತ್ತು, ಕೊಯ್ದು ತಿನ್ನಲು.

"ನಾಳೆ ಎರಡು ಕೊಡತಿ ಬಡಿಯುತ್ವೆ," ಎಂದ ಮೆಹು. "ಸದ್ದು ನಂಬ್ಬೇಡ, ನನ್ನ ಮುಖ ನೋಡ್ಕೊಂಡು ಕೂಗು ಅಂತ ಇಪಿಗೆ ಹೇಳ್ದೆ."

ಇಪಿ ಎಂದರೆ ಗುಂಪಿನ ಯಜಮಾನ. ನಮ್ಮ ಮನೆಯಲ್ಲಿ ಉಂಡವನು.

"ಏನಂದ?"

"ನಿನ್ನ ಮುಖ ನೋಡ್ತಾ ಕೂತ್ರೆ ಎತ್ತು ಆ ಕಡೆಯೋರ ಹೊಟ್ಟೆಗೆ ಹೋಗುತ್ತೆ ಅಂದ."

ಇಬ್ಬರೂ ನಕ್ಕೆವು. ಮಾಳಿಗೆಯ ಮೇಲೆ ಮಲಗಿದೆವು. ಬೆಳಿಗ್ಗೆ ಅವನು ಏಳುವ ಮೊದಲೇ ನಾನು ರೊಟ್ಟಿಮನೆಗೆ ಹೋಗಿದ್ದೆ.

ಮಧ್ಯಾಹ್ನ ನೀರು ಹೊರುವ ನುಬೆತ್ ಓಡಿಬಂದಳು. "ಖೆನುತ್, ಮೇಲೆ ಏನೋ ಆಗಿದೆ ಕಣೆ. ನಿನ್ನವನ ಗುಂಪಲ್ಲಿ," ಎಂದಳು. ನಾನು ಕಲ್ಲು ಎಳೆಯಲು ಕಟ್ಟಿದ ಏರುದಾರಿಯ ಬುಡಕ್ಕೆ ಓಡಿದೆ. ಕಾವಲಿನವರು ಬಿಡಲಿಲ್ಲ. ಅಲ್ಲೇ ಬಿಸಿಲಲ್ಲಿ ನಿಂತೆ. ಹಿಟ್ಟು ಕೈಮೇಲೆ ಒಣಗಿತು. ಸಂಜೆಗೆ ಇಪಿ ಇಳಿದು ಬಂದ. ನನ್ನನ್ನು ನೋಡಿ ಹಿಂದಕ್ಕೆ ತಿರುಗಲು ಹೋದ. ತೋಳು ಹಿಡಿದೆ.

"ಎಲ್ಲಿ ಅವನು?"

"ಅಕ್ಕ, ಕೊಡತಿ ಸದ್ದು ಕೇಳಿಸ್ತು. ದೇವರಾಣೆ ಕೇಳಿಸ್ತು. ಅವನೇ ಬಡಿದ ಅಂದ್ಕೊಂಡೆ."

"ಯಾರು ಬಡಿದ್ರು?"

"ಮೂಲೆ ಆಚೆಯೋರು."

"ನೀನು ಕೂಗ್ದೆ."

"ಕೂಗ್ದೆ."

ಅವನು ನೆಲ ನೋಡುತ್ತಿದ್ದ. ನಾನು ಅಳಲಿಲ್ಲ. ನನಗೆ ಒಂದೇ ವಿಷಯ ತಲೆಗೆ ಬಂತು. ಗಾರೆಯವನ ಹೆಂಡತಿ ನಾನು.

"ಗಾರೆ ಹಸಿ ಇತ್ತಲ್ಲ, ಇಪಿ."

ಅವನು ತೋಳು ಬಿಡಿಸಿಕೊಳ್ಳಲು ನೋಡಿದ.

"ಸನ್ನೆಗೋಲು ಕೈಯಲ್ಲೇ ಇತ್ತಲ್ಲ. ಹಿಂದಕ್ಕೆ ಎಳೀಬಹುದಿತ್ತಲ್ಲ."

"ಎಳೆದ್ರೆ ಅಂಚು ಒಡೆಯುತ್ತೆ ಅಕ್ಕ. ಹೊರಗೆ ಕಾಣೋ ಮುಖದ ಕಲ್ಲು ಅದು. ಹೊಳೆ ಆಚೆಯಿಂದ ಬಂದಿದ್ದು. ಒಡೆಯರ ಅಪ್ಪಣೆ ಇಲ್ದೆ ಹೆಂಗೆ ಎಳೀಲಿ? ಕೇಳ್ಕೊಂಡು ಬಾ ಅಂತ ಆಳು ಕಳಿಸ್ದೆ."

"ಮೆಹು ಕೂಗ್ತಿದ್ನಾ ಆಗ?"

ಅವನು ಕಿವಿ ಮುಚ್ಚಿಕೊಂಡ. ಉತ್ತರ ಕೊಟ್ಟಂತೆಯೇ ಆಯಿತು.

"ಆಳು ಬಂದ?"

"ಬಂದ. ಅಷ್ಟರಲ್ಲಿ ಗಾರೆ ಗಟ್ಟಿಯಾಗ್ಬಿಟ್ಟಿತ್ತು."

ಅವನ ಮುಖಕ್ಕೆ ಉಗಿದೆ. ಅವನು ಒರೆಸಿಕೊಳ್ಳಲಿಲ್ಲ.

ನಮ್ಮಲ್ಲಿ ಎಂಥ ಬಡವ ಸತ್ತರೂ ಬಾಯಿ ತೊಳೆದು, ಮಡಿಲ ಮಗುವಿನ ಹಾಗೆ ಮಂಡಿ ಮಡಿಸಿ, ಮೂಡಣಕ್ಕೆ ಮುಖ ಮಾಡಿ ಮಲಗಿಸುತ್ತೇವೆ. ಪಕ್ಕಕ್ಕೆ ರೊಟ್ಟಿ, ಹೆಂಡದ ಗಡಿಗೆ. ಹೆಸರು ಹಿಡಿದು ಕರೆಯುತ್ತೇವೆ. ಅಷ್ಟಾದರೆ ಅವನು ಆಚೆ ಲೋಕದಲ್ಲಿ ಎದ್ದು ಕೂರುತ್ತಾನೆ. ಮೆಹು ಆ ಕಲ್ಲಿನ ಹಿಂದೆ ಬೋರಲಾಗಿ, ಬಾಯಲ್ಲಿ ಗಾರೆ ತುಂಬಿಕೊಂಡು ಬಿದ್ದಿದ್ದ. ಅವನ ಬಾಯಿ ತೊಳೆಯುವವರು ಯಾರು? ಅವನನ್ನು ಹೊರಗೆ ತೆಗೆಸಬೇಕಿತ್ತು. ಮೇಲಿನ ಸಾಲು ಕೂರುವ ಮೊದಲು ತೆಗೆಸಬೇಕಿತ್ತು. ಅದು ಕೂತರೆ ಮುಗಿಯಿತು.

ಮರುಬೆಳಿಗ್ಗೆ ಕಹೊತೆಪ್‌ನ ಅಂಗಳಕ್ಕೆ ಹೋದೆ. ಅವನು ನೆರಳಲ್ಲಿ ಕೂತು ಅಂಜೂರ ತಿನ್ನುತ್ತಿದ್ದ. ಮೈಯಿಂದ ಒಳ್ಳೆ ಎಣ್ಣೆಯ ವಾಸನೆ. ಬೈಯಲಿಲ್ಲ, ಗದರಲಿಲ್ಲ. ಅದೇ ನನಗೆ ಹೆಚ್ಚು ಉರಿಯಿತು.

"ನೋಡಮ್ಮ, ಆಗಿದ್ದು ಕೆಟ್ಟದ್ದು. ಕೆಲಸದವರ ಗುಡ್ಡದಲ್ಲಿ ನಿನ್ನ ಗಂಡನ ಹೆಸರಲ್ಲಿ ಒಂದು ಗೋರಿ ಕಟ್ಟಿಸ್ತೀನಿ. ಬಾಗಿಲ ಕಲ್ಲಿನ ಮೇಲೆ ಹೆಸರು ಕೆತ್ತಿಸ್ತೀನಿ. ನಿನಗೆ ರೊಟ್ಟಿ ಹೆಂಡ ನಿಲ್ಲಲ್ಲ."

"ರೊಟ್ಟಿ ಮಾಡೋಳೇ ನಾನು. ಗೋರಿಯಲ್ಲಿ ಯಾರನ್ನ ಮಲಗಿಸ್ತೀರಿ ಒಡೆಯರೇ?"

"ಅವನು ರಾಜನ ಗೋರಿಯೊಳಗೇ ಮಲಗಿದಾನಲ್ಲಮ್ಮ. ಮಂತ್ರಿಗಳು ಕಾಲು ಹಿಡಿದ್ರೂ ಅಲ್ಲಿ ಜಾಗ ಸಿಗಲ್ಲ. ನಿನ್ನ ಗಂಡನಿಗೆ ಸಿಕ್ಕಿದೆ. ಅದೂ ಒಂದು ಪುಣ್ಯ."

"ಹಾಗಾದ್ರೆ ಪಕ್ಕದ ಕಲ್ಲಿನ ಹಿಂದೆ ನಿಮ್ಮ ಮಗನ್ನ ಮಲಗಿಸಿ. ಪುಣ್ಯ ನಮಗೊಬ್ಬರಿಗೇ ಯಾಕೆ?"

ಬೀಸಣಿಗೆ ಬೀಸುತ್ತಿದ್ದವನ ಕೈ ನಿಂತಿತು. ಕಹೊತೆಪ್ ಅಂಜೂರವನ್ನು ತಟ್ಟೆಯಲ್ಲಿಟ್ಟ. "ದುಃಖದಲ್ಲಿದಾಳೆ, ಹೊರಗೆ ಬಿಟ್ಟು ಬನ್ನಿ," ಎಂದ. ಬಿಟ್ಟು ಬಂದರು. ಮಂಡಿ ತರಚಿತು.

ಮಧ್ಯಾಹ್ನ ರೊಟ್ಟಿ ಬುಟ್ಟಿ ಮೇಲಕ್ಕೆ ಹೋಗುತ್ತದೆ. ಹೊರುವವಳ ಬುಟ್ಟಿಯನ್ನು ನಾನು ಹೊತ್ತೆ. ರೊಟ್ಟಿ ಹೊತ್ತವಳ ಮುಖವನ್ನು ಕಾವಲಿನವರು ನೋಡುವುದಿಲ್ಲ, ಬುಟ್ಟಿಯನ್ನು ನೋಡುತ್ತಾರೆ. ಮೇಲೆ ಹೋಗಿ ಬುಟ್ಟಿ ಇಳಿಸಿದೆ. ಯಾವ ಕಲ್ಲು ಎಂದು ಕೇಳಬೇಕಾಗಲಿಲ್ಲ. ಗುಂಪಿನವರು ಅದರ ಮೇಲೆ ಕಾಲಿಡದೆ ಸುತ್ತಿಕೊಂಡು ಓಡಾಡುತ್ತಿದ್ದರು.

ಹೋಗಿ ಅದರ ಮೇಲೆ ಕೂತೆ.

ಕಲ್ಲಿನ ಸಂದಿ ಕೂದಲೆಳೆಯಷ್ಟು. ಒಸರಿದ ಗಾರೆಯನ್ನು ಯಾರೋ ನೀಟಾಗಿ ಕೆರೆದು ತೆಗೆದಿದ್ದರು. ಕಿವಿಯಿಟ್ಟೆ. ಏನೂ ಇರಲಿಲ್ಲ.

ಮೇಲಿನ ಸಾಲಿನ ಕಲ್ಲು ಜಾರುಬಂಡಿಯ ಮೇಲೆ ಬಂದು ನಿಂತಿತು. ಎಳೆಯುವವರು ಹಗ್ಗ ಹಿಡಿದು ನಿಂತರು. ಆಚೆ ಗುಂಪಿನ ಒಬ್ಬ ಮೂಲೆಯಿಂದ ಇಣುಕಿದ.

"ಏನ್ರೋ ದಣಿಯದವರೇ, ಒಬ್ಬ ಹೆಂಗಸನ್ನ ಜರುಗಿಸೋಕೆ ನಮ್ಮ ಸನ್ನೆಗೋಲು ಕೊಡ್ಲಾ?"

ಯಾರೂ ನಗಲಿಲ್ಲ. ಅವನು ತಲೆ ಒಳಗೆಳೆದುಕೊಂಡ.

"ಅಕ್ಕ, ಇಳಿ," ಎಂದ ಇಪಿ.

"ಅವನನ್ನ ತೆಗಿ. ಇಳೀತೀನಿ."

"ಒಡೆಯರಿಗೆ ಗೊತ್ತಾದ್ರೆ ನಿನ್ನನ್ನೂ ಹೊಡೀತಾರೆ, ನಮ್ಮನ್ನೂ ಹೊಡೀತಾರೆ."

"ಹೊಡೀಲಿ. ನಿಮ್ಮ ಮೈಯಲ್ಲಿ ಎತ್ತಿನ ಮಾಂಸ ಇದೆ, ತಡ್ಕೊಳುತ್ತೆ. ಗೆದ್ದದ್ದು ನೀವೇ ಅಲ್ವಾ?"

ಹೌದು, ಅವರೇ ಗೆದ್ದಿದ್ದರು. ಕಂಡಿ ಮೊದಲು ಮುಚ್ಚಿದ್ದು ಅವರೇ. ಒಬ್ಬೊಬ್ಬರ ಮುಖವನ್ನೂ ನೋಡಿದೆ. ಎಲ್ಲರೂ ನನ್ನ ಕೈಯ ರೊಟ್ಟಿ ತಿಂದವರು.

"ನಾನು ತಿನ್ನಲಿಲ್ಲ ಕಣಮ್ಮ," ಎಂದ ಬೆಬಿ. ಅವನು ಗುಂಪಿನ ಮುದುಕ, ಕೆಂಪು ಮಣ್ಣಿನಿಂದ ಕಲ್ಲುಗಳಿಗೆ ಗುರುತು ಹಾಕುವವನು. ಅಳುತ್ತಿದ್ದ.

"ತಿಂದಿದ್ರೂ ಅವನೇನು ಎದ್ದು ಬರ್ತಿರಲಿಲ್ಲ. ಅಳೋದು ನಿಲ್ಸು," ಎಂದೆ.

ಬಿಸಿಲು ನೆತ್ತಿಯಿಂದ ಇಳಿಯಿತು. ನಾನು ಇಳಿಯಲಿಲ್ಲ. ಇಪಿ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಸಣ್ಣ ದನಿಯಲ್ಲಿ ಮಾತಾಡಿದ.

"ಕೇಳು. ಬೆಳಿಗ್ಗೆ ನೀನು ಅಂಗಳಕ್ಕೆ ಹೋದಾಗ ನಾನು ಎಳೆದು ನೋಡ್ದೆ. ಅಪ್ಪಣೆ ಕೇಳ್ಲಿಲ್ಲ. ಅಂಚು ಹೋದ್ರೆ ಹೋಗ್ಲಿ ಅಂತ ಎಲ್ರೂ ಸೇರಿ ಎಳೆದ್ವಿ. ಅಲ್ಲಾಡ್ಲಿಲ್ಲ. ಇನ್ನು ಒಡೆದೇ ತೆಗೀಬೇಕು. ಒಡೆದ್ರೆ ಅವನೂ ಕಲ್ಲಿನ ಜೊತೆ ಚೂರಾಗಿ ಬರ್ತಾನೆ. ಗಾರೆ ಅವನನ್ನ ಹಿಡ್ಕೊಂಡಿದೆ ಅಕ್ಕ. ಅವನೇ ಕಲಸಿದ ಗಾರೆ. ಎಂಥ ಗಾರೆ ಕಲಸ್ತಿದ್ದ ಅಂತ ನಿನಗೆ ಗೊತ್ತಲ್ಲ."

ಗೊತ್ತಿತ್ತು. ಅವನು ಸುಳ್ಳು ಹೇಳುತ್ತಿಲ್ಲ ಎನ್ನುವುದೂ ಗೊತ್ತಾಯಿತು. ಸುಳ್ಳಾಗಿದ್ದರೆ ಚೆನ್ನಾಗಿತ್ತು.

ಕೂತಲ್ಲೇ ಕೆಳಗೆ ನೋಡಿದೆ. ಕಲ್ಲಿನ ಬೆನ್ನ ಮೇಲೆ, ನನ್ನ ತೊಡೆಯ ಪಕ್ಕ, ಕೆಂಪು ಬಣ್ಣದಲ್ಲಿ ಗುಂಪಿನ ಹೆಸರಿತ್ತು. ಕೂರಿಸಿದ ಪ್ರತಿ ಕಲ್ಲಿಗೂ ಹಾಕುತ್ತಾರೆ. ಮೇಲಿನ ಸಾಲು ಕೂತ ಮೇಲೆ ಅದು ಕಾಣುವುದಿಲ್ಲ, ಅದಕ್ಕೇ ಯಾರೂ ಬೇಡ ಎನ್ನುವುದಿಲ್ಲ.

"ಇದನ್ನ ಅಳಿಸು. ಅವನ ಹೆಸರು ಬರಿ," ಎಂದೆ ಬೆಬಿಗೆ.

"ರಾಜನ ಕಲ್ಲಿನ ಮೇಲೆ ಗಾರೆಯವನ ಹೆಸರು ಬರೆಯೋಕಾಗುತ್ತೇನಮ್ಮ?"

"ನಿಮ್ಮ ಹೆಸರು ಬರೆಯೋಕೆ ಆಗುತ್ತೆ. ಕೊಂದವರ ಹೆಸರು ಮೇಲಿರ್ಬೇಕು, ಸತ್ತವನದ್ದು ಬೇಡ. ಅಲ್ವಾ?"

ಬೆಬಿ ಇಪಿಯನ್ನು ನೋಡಿದ. ಇಪಿ ನನ್ನನ್ನು ನೋಡಿದ. ಆಮೇಲೆ, "ಬರಿ," ಎಂದ. ಇದಕ್ಕೆ ಅವನು ಆಳು ಕಳಿಸಲಿಲ್ಲ.

ದಣಿಯದವರು ಎನ್ನುವ ಹೆಸರನ್ನು ಉಗುಳು ಹಾಕಿ ನನ್ನ ಬಟ್ಟೆಯಿಂದ ನಾನೇ ತಿಕ್ಕಿ ತೆಗೆದೆ. ಬೆಬಿ ಬಣ್ಣ ಕಲಸಿದ. ಸಣ್ಣದಾಗಿ ಶುರುಮಾಡಿದ. "ದೊಡ್ಡದಾಗಿ ಬರಿ," ಎಂದೆ. ಮೆಹು, ಗಾರೆಯವನು, ಖೆನುತಳ ಗಂಡ. ಕಲ್ಲಿನ ಈ ತುದಿಯಿಂದ ಆ ತುದಿಗೆ ಬಂತು. ಬಣ್ಣ ಒಣಗುವ ತನಕ ಕಲ್ಲಿನಿಂದ ಇಳಿಯಲಿಲ್ಲ. ಗಾರೆಗೆ ಕಾದವರು ಬಣ್ಣಕ್ಕೂ ಕಾಯಲಿ. ಕಾದರು.

ಆಮೇಲೆ ನನ್ನ ಕಾಲ ಮೇಲೆ ನಾನೇ ಇಳಿದೆ. ಯಾರೋ ಕೈ ಕೊಡಲು ಬಂದರು. ತಳ್ಳಿದೆ. ಹೊಸ ಗಾರೆಯವನು ಆ ಹೆಸರಿನ ಮೇಲೆ ಗಾರೆ ಸುರಿದ. ಕಲ್ಲು ಜಾರಿ ಬಂತು. ಇಪಿ ಬಗ್ಗಿ ಒಳಗೆ ನೋಡಿದ, ಗಾರೆಯವನ ಮುಖ ನೋಡಿದ, ಮತ್ತೊಮ್ಮೆ ಬಗ್ಗಿ ನೋಡಿದ. ಆಮೇಲೆ ಕೂಗಿದ. ಈಗ ನೋಡುತ್ತಾನೆ.

ರಾಜ ಬಂದ. ಮೂಲೆಯ ಕಲ್ಲನ್ನು ಕೈಯಿಂದ ಸವರಿ ಸಂತೋಷಪಟ್ಟನಂತೆ. ಕಹೊತೆಪ್‌ನ ಕೊರಳಿಗೆ ಚಿನ್ನ ಬಿತ್ತು. ಗುಡ್ಡದಲ್ಲಿ ಗೋರಿಯನ್ನೂ ಕಟ್ಟಿಸಿದ, ಮಾತಿಗೆ ತಪ್ಪಲಿಲ್ಲ. ಉಳಿದ ಕಲ್ಲಿನ ಚೂರು, ಮೇಲೆ ಮಣ್ಣಿನ ಗುಮ್ಮಟ. ಬಾಗಿಲಲ್ಲಿ ಹೆಸರು ಚೆನ್ನಾಗಿ ಕೆತ್ತಿದ್ದಾರಂತೆ. ನಾನು ಹೋಗಿ ನೋಡಿಲ್ಲ. ಅಲ್ಲಿ ಯಾರೂ ಇಲ್ಲ. ಇಲ್ಲದವನಿಗೆ ಎಡೆ ಇಡುವುದು ಹೇಗೆ?

ಇಪಿ ಆಗಾಗ ಬಾಗಿಲಿಗೆ ಬಂದು ನಿಲ್ಲುತ್ತಾನೆ. "ಅಕ್ಕ, ಇನ್ನೂ ಎಷ್ಟು ದಿನ ಸಿಟ್ಟು?" ಎಂದು ಕೇಳುತ್ತಾನೆ. ನಾನು ಬಾಗಿಲು ಹಾಕುತ್ತೇನೆ. ನುಬೆತ್, "ಅವನೂ ಸವೆದು ಹೋಗಿದಾನೆ, ಬಿಟ್ಟುಬಿಡೇ," ಎನ್ನುತ್ತಾಳೆ. ಸವೆಯಲಿ.

ಈಗ ಏರುದಾರಿಯನ್ನು ಕಿತ್ತುಹಾಕಿದ್ದಾರೆ. ಗೋಡೆಯನ್ನು ಮೇಲಿಂದ ಕೆಳಗಿನ ತನಕ ಉಜ್ಜಿ ನುಣುಪು ಮಾಡಿದ್ದಾರೆ. ಬಿಸಿಲಿಗೆ ಅದನ್ನು ನೋಡಲಾಗುವುದಿಲ್ಲ, ಕಣ್ಣು ಕುಕ್ಕುತ್ತದೆ. ಆ ಕಲ್ಲು ಎಲ್ಲೋ ಮೇಲಿದೆ. ಕೆಳಗಿನಿಂದ ಯಾವುದೆಂದು ಹೇಳಲಾಗುವುದಿಲ್ಲ. ಬರೆದ ಹೆಸರನ್ನು ಓದುವ ಕಣ್ಣಿಲ್ಲ. ಕೂಗುವ ಬಾಯಿಯಾದರೂ ಇರಲಿ.

ಬೆಳಿಗ್ಗೆ ಮೊದಲ ಕುಂಡದ ರೊಟ್ಟಿ ಬಿಡಿಸಿದ ಕೂಡಲೇ ಒಂದನ್ನು ತೆಗೆದುಕೊಂಡು, ನೀರಿನ ಗಡಿಗೆ ಹೊತ್ತು ಆ ಮೂಲೆಯ ಬುಡಕ್ಕೆ ಹೋಗುತ್ತೇನೆ. ಮೊದಮೊದಲು ಕಾವಲಿನವನು ತಡೆಯುತ್ತಿದ್ದ. "ಇಲ್ಲಿ ರಾಜನಿಗೆ ಮಾತ್ರ ಎಡೆ," ಎನ್ನುತ್ತಿದ್ದ. "ಮೆಹು ಉಂಡು ಮಿಕ್ಕಿದ್ದನ್ನ ರಾಜ ತಿನ್ನಲಿ," ಎಂದೆ. ಅವನು ಸುತ್ತಮುತ್ತ ನೋಡಿ ಆ ಕಡೆ ತಿರುಗಿ ನಿಂತ. ಈಗ ನಾನು ಬರುವುದು ಕಂಡರೇ ತಿರುಗಿ ನಿಲ್ಲುತ್ತಾನೆ.

ಮೇಲೆ ನೋಡಿ ಮೆಹು ಎಂದು ಗಟ್ಟಿಯಾಗಿ ಕೂಗುತ್ತೇನೆ. ರೊಟ್ಟಿ ಮುರಿದು ಬುಡಕ್ಕಿಡುತ್ತೇನೆ. ಬಾಯಿ ತೊಳೆಯುವಷ್ಟು ನೀರು ಸುರಿಯುತ್ತೇನೆ. ಖಾಲಿ ಗಡಿಗೆ ಹೊತ್ತು ಹಿಟ್ಟು ನಾದಲು ಹೋಗುತ್ತೇನೆ.